ಅರ್ಜಿಗೊಂದು ಒಳದಾರಿ

ಹಳ್ಳಿಯ ಹಾದಿಗಳನ್ನು ಬಲ್ಲವರಿಗೆ ಒಳದಾರಿಗೂ ಅಡ್ಡದಾರಿಗೂ ಇರುವ ವ್ಯತ್ಯಾಸವನ್ನು ಹೇಳಿಕೊಡಬೇಕಾಗಿಲ್ಲ. ಒಳದಾರಿಯೆಂದರೆ ತೋಟದ ಅಂಚಿನಲ್ಲಿ, ಕಾಲುವೆಯ ಏರಿಯ ಮೇಲೆ ಸಾಗಿ, ಸೇರಬೇಕಾದ ಊರನ್ನೇ ಬೇಗ ಸೇರಿಸುವ ಹಾದಿ. ಅಡ್ಡದಾರಿಯೆಂದರೆ ಹಿಡಿದವನನ್ನು ಸೇರಬಾರದ ಕಡೆಗೆ ಕೊಂಡೊಯ್ಯುವ ಹಾದಿ. ಇಂದು ಕಚೇರಿಗಳಲ್ಲಿ ಅರ್ಜಿಗಳು ಜವಾನನ ಕೈಯಿಂದ ಮೇಜಿಗೆ, ಮೇಜಿನಿಂದ ಕಪಾಟಿಗೆ ನಡೆಯುವುದು ಕಡಿಮೆಯಾಗಿದೆ. ಅವು ಗಣಕಯಂತ್ರದ ತೆರೆಯಿಂದ ತೆರೆಗೆ ಸಾಗುತ್ತವೆ. ಅಲ್ಲಿಯೂ ಒಳದಾರಿಗಳುಂಟು, ಅಡ್ಡದಾರಿಗಳುಂಟು. ಆ ದಾರಿಗಳನ್ನು ಹಾಕುವ ನಿಯಮಗಳು ಯಾವುವು? ಹತ್ತಿರದ ದಾರಿಯೆಂದು ತೋರಿದ್ದು ಕೆಲವೊಮ್ಮೆ ಎಲ್ಲರನ್ನೂ ತಡಮಾಡುವುದೇಕೆ? ಈ ಪ್ರಶ್ನೆಗಳನ್ನು ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ಬಿಡಿಸಿ ನೋಡೋಣ.

ಒಂದು ಪೌತಿ ಖಾತೆಯ ಪಯಣ

ಪಿರಿಯಾಪಟ್ಟಣ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ಎಕರೆ ಜಮೀನಿನ ಒಡೆಯನಾದ ರೈತನೊಬ್ಬನು ತೀರಿಕೊಂಡನೆಂದು ಭಾವಿಸೋಣ. ಜಮೀನು ಈಗ ಹೆಂಡತಿ ಮಕ್ಕಳಿಗೆ ಸೇರಿದ್ದು. ಆದರೆ ಪಹಣಿಯಲ್ಲಿ ಇನ್ನೂ ಸತ್ತವನ ಹೆಸರೇ ಇದೆ. ಅದು ಬದಲಾಗುವವರೆಗೆ ಬ್ಯಾಂಕಿನಲ್ಲಿ ಬೆಳೆಸಾಲ ಕೇಳಲು ತೊಡಕು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಾದರೆ, ಆನೆ ತುಳಿದ ಬೆಳೆಗೆ ಪರಿಹಾರ ಕೇಳಲೂ ತೊಡಕು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೇಸಾಯಗಾರನು ಮುಂಗಾರು ಮೊದಲಾಗುವ ಹೊತ್ತಿಗೆ ಸಸಿಗಳನ್ನು ಹೊಲಕ್ಕಿಳಿಸಬೇಕು. ಸಾಲವು ಆಷಾಢ ಕಳೆದ ಮೇಲೆ ಬಂದರೆ ಪ್ರಯೋಜನವಿಲ್ಲ. ಮಳೆ ಕಚೇರಿಗಾಗಿ ಕಾಯುವುದಿಲ್ಲ. ಅರ್ಜಿಯ ದಾರಿ ಒಂದು ತಿಂಗಳು ಉದ್ದವಾದರೆ ಬೇಸಾಯದ ಒಂದು ವರ್ಷವೇ ಕೈತಪ್ಪಬಹುದು.

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದನ್ನು ಜನರು ಪೌತಿ ಖಾತೆಯೆಂದು ಕರೆಯುತ್ತಾರೆ. ಹಕ್ಕು ಬದಲಾವಣೆಯ ಕ್ರಮವನ್ನು 1964ರ ಕರ್ನಾಟಕ ಭೂಕಂದಾಯ ಕಾಯಿದೆ ವಿಧಿಸಿದೆ. ಅರ್ಜಿಯನ್ನು ಸ್ವೀಕರಿಸಬೇಕು, ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು, ಆಕ್ಷೇಪಣೆಗೆ ಕಾಲಾವಕಾಶ ಬಿಡಬೇಕು, ಆಮೇಲೆ ಆದೇಶವಾಗಬೇಕು. ಯಾರೂ ಆಕ್ಷೇಪಿಸದಿದ್ದರೆ ರೆವಿನ್ಯೂ ಇನ್ಸ್‌ಪೆಕ್ಟರರ ಹಂತದಲ್ಲಿಯೇ ಕೆಲಸ ಮುಗಿಯುತ್ತದೆ. ತಕರಾರು ಬಂದರೆ ಅದು ತಕರಾರು ಪ್ರಕರಣಗಳ ವಹಿಯನ್ನು ಸೇರಿ, ತಾಲೂಕು ಕಚೇರಿಯಲ್ಲಿ ಮೇಲಿನ ಅಧಿಕಾರಿಯ ಮುಂದೆ ವಿಚಾರಣೆಗೆ ಹೋಗುತ್ತದೆ. ಅಲ್ಲಿಯ ತೀರ್ಮಾನವೂ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ಹುಣಸೂರು ಉಪವಿಭಾಗಕ್ಕೆ ಸೇರಿದವು. ಆದುದರಿಂದ ಕಾವೇರಿ ತೀರದ ಗದ್ದೆಯ ತಕರಾರಾಗಲಿ, ಕಬಿನಿ ತೀರದ ಹೊಲದ ತಕರಾರಾಗಲಿ ಕೊನೆಗೆ ಲಕ್ಷ್ಮಣತೀರ್ಥದ ದಡದ ಹುಣಸೂರಿಗೇ ಬಂದು ಸೇರುತ್ತದೆ.

ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅರ್ಜಿ ಒಂದೇ ಆದರೂ ದಾರಿ ಒಂದೇ ಅಲ್ಲ. ಎಲ್ಲಿ ಕವಲೊಡೆಯಬೇಕು, ಯಾವ ಸ್ಥಿತಿಯಲ್ಲಿ ಯಾವ ಕವಲನ್ನು ಹಿಡಿಯಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಹೀಗೆ ನಿಶ್ಚಿತವಾದ ಕೆಲಸದ ಹರಿವನ್ನು ಗಣಕ ಪರಿಣತರು ‘ವರ್ಕ್‌ಫ್ಲೋ’ ಎನ್ನುತ್ತಾರೆ. ನಾವು ಕಾರ್ಯಸರಣಿ ಎನ್ನೋಣ.

ಅಂಚೆಯಿಂದ ‘ಭೂಮಿ’ಯವರೆಗೆ

ಕಾಗದಕ್ಕೆ ದಾರಿ ಹಾಕುವ ವಿದ್ಯೆ ಮೈಸೂರು ಸೀಮೆಗೆ ಹೊಸದೇನೂ ಅಲ್ಲ. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ‘ಅಠಾರ ಕಚೇರಿ’ ಎಂಬ ಹದಿನೆಂಟು ಚಾವಡಿಗಳಾಗಿ ಹಂಚಿದರೆಂದು ಇತಿಹಾಸಕಾರರು ಬರೆಯುತ್ತಾರೆ. ಆ ಕಾಲದಲ್ಲೇ ಮೊದಲಾದ ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರುವವರೆಗೂ ಸಂಸ್ಥಾನದ ಪತ್ರಗಳನ್ನು ಊರಿಂದೂರಿಗೆ ಒಯ್ಯಿತು. ಹಳ್ಳಿಯಲ್ಲಿ ಲೆಕ್ಕ ಬರೆಯುವವರು ವಂಶಪಾರಂಪರ್ಯವಾಗಿ ಬಂದ ಶಾನುಭೋಗರಾಗಿದ್ದರು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಆ ಪದ್ಧತಿ ಅಳಿದು, ಸರ್ಕಾರಿ ನೌಕರರಾದ ಗ್ರಾಮಲೆಕ್ಕಿಗರು ಬಂದರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿಯೆಂದು ಹೆಸರು.

ಕೈಬರಹದ ಪಹಣಿಗಳ ಕಾಲದಲ್ಲಿ ಅರ್ಜಿ ಎಲ್ಲಿದೆಯೆಂದು ತಿಳಿಯಲು ಅರ್ಜಿದಾರನೇ ಅಲೆಯಬೇಕಾಗಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಇದರ ತಂತ್ರಾಂಶವನ್ನು ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ತಾಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಸಿಗುತ್ತಿತ್ತು.

ಪಹಣಿ ಸುಲಭವಾಗಿ ಕೈಗೆ ಬಂದದ್ದನ್ನು ಎಲ್ಲರೂ ಕೊಂಡಾಡಿದರು. ಆದರೆ ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಬದಲಾವಣೆ ಒಳಗಡೆ ನಡೆದಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ತೀರಬೇಕೆಂದು ತಂತ್ರಾಂಶದಲ್ಲಿ ಕಟ್ಟು ಮಾಡಲಾಯಿತು. ಮೊದಲು ಬಂದದ್ದನ್ನು ಬಿಟ್ಟು ಆಮೇಲೆ ಬಂದದ್ದನ್ನು ಸುಮ್ಮನೆ ಎತ್ತಿಕೊಳ್ಳಲು ಬಾರದು. ಅಧಿಕಾರಿಯು ತನ್ನ ಬೆರಳಚ್ಚನ್ನು ಒತ್ತಿ ಒಳಹೊಕ್ಕ ಮೇಲೆಯೇ ಕೆಲಸ ಮಾಡಬಹುದು. ಆದುದರಿಂದ ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ಅಳಿಯದಂತೆ ಉಳಿಯುತ್ತದೆ. ಕಡತವನ್ನು ರಾಶಿಯ ಅಡಿಗೆ ತಳ್ಳುವ ಅಥವಾ ಮೇಲಕ್ಕೆ ಎಳೆಯುವ ಹಳೆಯ ಕೈಚಳಕಕ್ಕೆ ಅಲ್ಲಿ ಎಡೆ ಕಡಿಮೆಯಾಯಿತು.

ಕಡತ ನಡೆಯುವುದಿಲ್ಲ, ಚೀಟಿ ನಡೆಯುತ್ತದೆ

ದೊಡ್ಡ ಕಂಪೆನಿಗಳಲ್ಲಿ, ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ ಬಳಸುವ ವ್ಯವಹಾರ ತಂತ್ರಾಂಶಗಳೂ ಇದೇ ಜಾತಿಯವು. ಅಲ್ಲಿ ಜಮೀನಿನ ಅರ್ಜಿಯ ಬದಲಿಗೆ ಖರೀದಿಯ ಬೇಡಿಕೆ, ರಜೆಯ ಅರ್ಜಿ, ಹಣ ಪಾವತಿಯ ಒಪ್ಪಿಗೆ ಮುಂತಾದವು ಹರಿಯುತ್ತವೆ. ಇಂಥ ತಂತ್ರಾಂಶಗಳಲ್ಲಿ ಒಬ್ಬರ ಕೆಲಸ ಮುಗಿದಾಗ ಮುಂದಿನವರಿಗೆ ಏನು ತಲಪುತ್ತದೆ? ಕಡತವೇ ಹೋಗುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಗಲ್ಲ. ದಾಖಲೆಯು ತಾನಿದ್ದಲ್ಲಿಯೇ ಇರುತ್ತದೆ. ಹೋಗುವುದು ಒಂದು ಚೀಟಿ ಮಾತ್ರ. ಮುಂದಿನ ಅಧಿಕಾರಿ ಆ ಚೀಟಿಯನ್ನು ಒತ್ತಿದೊಡನೆ ತಕ್ಕ ನಮೂನೆಯು ತಕ್ಕ ದಾಖಲೆಯೊಂದಿಗೆ ತೆರೆಯ ಮೇಲೆ ತೆರೆದುಕೊಳ್ಳುತ್ತದೆ. ಹುಡುಕುವ ಶ್ರಮವನ್ನು ಉಳಿಸುವ ಈ ಚೀಟಿಗೇ ‘ಶಾರ್ಟ್‌ಕಟ್’ ಎಂದು ಹೆಸರು.

ಚೀಟಿಯಲ್ಲಿ ಮೂರು ಸಂಗತಿಗಳು ಸರಿಯಾಗಿರಬೇಕು. ಮೊದಲನೆಯದು, ಯಾವ ನಮೂನೆಯನ್ನು ತೆರೆಯಬೇಕು ಎಂಬುದು. ಎರಡನೆಯದು, ಯಾವ ದಾಖಲೆ ಎಂಬುದು. ಮೂರನೆಯದು, ಯಾವ ಬಾಗಿಲಿನಿಂದ ಒಳಹೋಗಬೇಕು, ಎಂದರೆ ಯಾವ ಗಣಕದ ಯಾವ ವಿಳಾಸ ಎಂಬುದು. ಇವುಗಳ ಜೊತೆಗೆ, ಚೀಟಿ ಪಡೆದವರಿಗೆ ಆ ದಾಖಲೆಯನ್ನು ನೋಡುವ ಅಧಿಕಾರವೂ ಇರಬೇಕು. ಬೀಗದ ಕೈ ಇದ್ದು ಮನೆಯ ವಿಳಾಸ ತಪ್ಪಿದರೂ ವ್ಯರ್ಥ. ವಿಳಾಸ ಸರಿಯಿದ್ದು ಕೈಯಲ್ಲಿ ಬೀಗದ ಕೈ ಇಲ್ಲದಿದ್ದರೂ ವ್ಯರ್ಥ.

ದಾಖಲೆಯ ಗುರುತು ಎಷ್ಟು ನಿಖರವಾಗಿರಬೇಕೆಂಬುದಕ್ಕೆ ಪಹಣಿಯೇ ಒಳ್ಳೆಯ ನಿದರ್ಶನ. ‘ಸರ್ವೆ ನಂಬರು 45’ ಎಂದಷ್ಟೇ ಹೇಳಿದರೆ ಯಾವ ಜಮೀನೂ ಗೊತ್ತಾಗುವುದಿಲ್ಲ. ಆ ನಂಬರಿನ ಜಮೀನು ಸಾವಿರಾರು ಗ್ರಾಮಗಳಲ್ಲಿರಬಹುದು. ಆದುದರಿಂದ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್ನೋಕ್, ಹಿಸ್ಸಾ ನಂಬರು ಎಂದು ಹಂತಹಂತವಾಗಿ ಹೇಳಬೇಕಾಗುತ್ತದೆ. ಇವೆಲ್ಲ ಕೂಡಿದರೆ ಮಾತ್ರ ಒಂದೇ ಒಂದು ತುಂಡು ನೆಲ ಖಚಿತವಾಗುತ್ತದೆ.

ಈಗ ಆಡಳಿತದ ಗಡಿಯೇ ಬದಲಾದರೆ? ಹೆಗ್ಗಡದೇವನಕೋಟೆಯಿಂದ ಸರಗೂರು, ಕೃಷ್ಣರಾಜನಗರದಿಂದ ಸಾಲಿಗ್ರಾಮ ಈಚಿನ ವರ್ಷಗಳಲ್ಲಿ ಬೇರೆ ತಾಲೂಕುಗಳಾದವು. ನೆಲ ಒಂದಂಗುಲವೂ ಕದಲಲಿಲ್ಲ. ಆದರೆ ಗುರುತಿನ ಎರಡನೆಯ ಮೆಟ್ಟಿಲು ಬದಲಾಯಿತು. ನಿನ್ನೆಯವರೆಗೆ ಕೋಟೆಯ ತಹಸೀಲ್ದಾರರಿಗೆ ಹೋಗುತ್ತಿದ್ದುದು ಇನ್ನು ಸರಗೂರಿನ ತಹಸೀಲ್ದಾರರಿಗೆ ಹೋಗಬೇಕು. ಇಂಥ ಬದಲಾವಣೆಯ ದಿನ ಅರ್ಧ ದಾರಿಯಲ್ಲಿರುವ ಅರ್ಜಿಗಳ ಗತಿಯೇನು? ಹೊಸ ಅರ್ಜಿಗಳಿಗೆ ಹೊಸ ದಾರಿ ಹಾಕುವುದು ಸುಲಭ. ಹಳೆಯ ಗುರುತನ್ನು ಹೊತ್ತು ಹೊರಟಿರುವ ಚೀಟಿಗಳು ತಪ್ಪದೆ ಹೊಸ ಕಚೇರಿ ಮುಟ್ಟುವಂತೆ ಮಾಡುವುದೇ ಕಷ್ಟ. ಯಾವುದೇ ತಂತ್ರಾಂಶದಲ್ಲಿ ದಾರಿ ಬದಲಾಯಿಸುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ.

ದಾರಿ ಹಾಕುವ ನಿಯಮಗಳು

ದಾರಿಗಳನ್ನು ನಿಗದಿ ಮಾಡುವ ಕೆಲಸದಲ್ಲಿ ಅನುಭವದಿಂದ ಸ್ಥಿರಪಟ್ಟ ಕೆಲವು ಸೂತ್ರಗಳುಂಟು.

ಒಂದನೆಯದಾಗಿ, ದಾರಿಯನ್ನು ವ್ಯಕ್ತಿಗೆ ಕಟ್ಟಬಾರದು, ಹುದ್ದೆಗೆ ಕಟ್ಟಬೇಕು. ಇಂತಹವರ ಮೇಜಿಗೆ ಹೋಗಲಿ ಎಂದು ಹೆಸರು ಹಿಡಿದು ಬರೆದರೆ, ಅವರು ವರ್ಗವಾದ ದಿನವೇ ದಾರಿ ಕಡಿಯುತ್ತದೆ. ಬಿಳಿಕೆರೆ ಹೋಬಳಿಯ ರೆವಿನ್ಯೂ ಇನ್ಸ್‌ಪೆಕ್ಟರರಿಗೆ ಎಂದು ಬರೆದರೆ ಆ ಕುರ್ಚಿಯಲ್ಲಿ ಯಾರು ಕುಳಿತರೂ ಚೀಟಿ ತಲಪುತ್ತದೆ.

ಎರಡನೆಯದಾಗಿ, ಕವಲಿನ ನಿಯಮವು ದಾಖಲೆಯಲ್ಲಿರುವ ಸಂಗತಿಯನ್ನೇ ಆಧರಿಸಬೇಕು. ತಕರಾರು ಉಂಟೋ ಇಲ್ಲವೋ ಎಂಬುದು ಸ್ಪಷ್ಟವಾದ ಸಂಗತಿ. ಪ್ರಕರಣ ಮುಖ್ಯವೋ ಅಲ್ಲವೋ ಎಂಬುದು ಅಭಿಪ್ರಾಯ. ಯಂತ್ರಕ್ಕೆ ಅಭಿಪ್ರಾಯ ತಿಳಿಯುವುದಿಲ್ಲ.

ಮೂರನೆಯದಾಗಿ, ಯಾವ ನಿಯಮಕ್ಕೂ ಒಳಪಡದ ಚೀಟಿಗೂ ಒಂದು ಗತಿ ಇರಬೇಕು. ಪಟ್ಟಿ ಎಷ್ಟೇ ಉದ್ದವಾಗಿರಲಿ, ಪಟ್ಟಿಯಲ್ಲಿಲ್ಲದ ಪ್ರಸಂಗ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅಂಥದನ್ನು ನೋಡಲು ಒಬ್ಬ ಹೊಣೆಗಾರರಿರಬೇಕು. ಇಲ್ಲವಾದರೆ ಅದು ಯಾರ ಕಣ್ಣಿಗೂ ಬೀಳದೆ ಕೊಳೆಯುತ್ತದೆ.

ನಾಲ್ಕನೆಯದಾಗಿ, ಕಾಲದ ಮಿತಿ ಇರಬೇಕು. ಮಿತಿ ಮೀರಿದರೆ ಮೇಲಿನವರಿಗೆ ತಾನಾಗಿ ತಿಳಿಯಬೇಕು. ಕರ್ನಾಟಕದಲ್ಲಿ 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆಯನ್ನು ಅನುಸರಿಸಿ 2012ರಲ್ಲಿ ‘ಸಕಾಲ’ ಬಂದುದು ಇದೇ ತತ್ವದ ಮೇಲೆ. ಅರ್ಜಿದಾರನಿಗೆ ಒಂದು ಸಂಖ್ಯೆ ಸಿಗುತ್ತದೆ. ಸೇವೆಗೆ ಇಷ್ಟು ದಿನವೆಂದು ಗೊತ್ತಾಗಿರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಮೀರದಂತೆ, ಪರಿಹಾರ ಕೇಳುವ ಹಕ್ಕನ್ನು ಕಾಯಿದೆ ಕೊಟ್ಟಿತು. ಮೊತ್ತ ಸಣ್ಣದು. ಆದರೆ ತಡವನ್ನು ಅಳೆಯಬಹುದಾದ ವಸ್ತುವನ್ನಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ.

ಕಿರ್ಖಾಫನ ನಿಯಮ ಕಚೇರಿಯಲ್ಲಿ

ವಿದ್ಯುನ್ಮಂಡಲದ ಯಾವುದೇ ಸಂಧಿಗೆ ಒಳಬರುವ ವಿದ್ಯುತ್ಪ್ರವಾಹವು ಹೊರಹೋಗುವ ಪ್ರವಾಹಕ್ಕೆ ಸಮವೆಂಬ ಕಿರ್ಖಾಫನ ನಿಯಮವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅರ್ಜಿಗಳಿಗೂ ಇಂಥದೊಂದು ನಿತ್ಯತ್ವವುಂಟು. ಒಳಬಂದವು, ಹೊರಹೋದವು ಮತ್ತು ಬಾಕಿ ಉಳಿದವುಗಳ ಸಂಖ್ಯೆಗೆ ಸಮನಾಗಿರಲೇಬೇಕು. ಲೆಕ್ಕ ಕೂಡದಿದ್ದರೆ ಎಲ್ಲಿಯೋ ಚೀಟಿ ಕಳೆದಿದೆ, ಇಲ್ಲವೆ ಒಂದೇ ಚೀಟಿ ಎರಡಾಗಿದೆ. 1962ರಲ್ಲಿ ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ ಎಂಬಾತನು ತನ್ನ ಪ್ರೌಢಪ್ರಬಂಧದಲ್ಲಿ ಇಂಥ ಹರಿವನ್ನು ಚಿತ್ರಿಸುವ ವಿಧಾನವೊಂದನ್ನು ಮಂಡಿಸಿದನು. ಚೌಕಾಬಾರದ ಮನೆಗಳಲ್ಲಿ ಕಾಯಿ ನಡೆಸುವಂತೆ, ವೃತ್ತಗಳಿಂದ ವೃತ್ತಗಳಿಗೆ ಬಿಲ್ಲೆಗಳನ್ನು ನಡೆಸಿ ನೋಡುವುದೇ ಆ ವಿಧಾನ. ಸರ್ವೆಯವರು ಖಾತೆಗಾಗಿ, ಖಾತೆಯವರು ಸರ್ವೆ ನಕ್ಷೆಗಾಗಿ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತರೆ ಬಿಲ್ಲೆ ಎಂದಿಗೂ ಕದಲದು. ಈ ಸಿಕ್ಕನ್ನು ಕಾಗದದ ಮೇಲೆಯೇ ಕಂಡುಹಿಡಿದು, ತಂತ್ರಾಂಶ ಹಳ್ಳಿಗೆ ಹೋಗುವ ಮೊದಲೇ ಬಿಡಿಸಬಹುದು.

ಇನ್ನು ಬಾಕಿಯ ಮಾತು. 1961ರಲ್ಲಿ ಅಮೆರಿಕದ ಜಾನ್ ಲಿಟಲ್ ಎಂಬವರು ಸಾಧಿಸಿ ತೋರಿಸಿದ ಸೂತ್ರ ಬಹು ಸರಳವಾದುದು: ಬಾಕಿಯ ಸಂಖ್ಯೆಯು, ದಿನಕ್ಕೆ ಬರುವ ಅರ್ಜಿಗಳ ಸಂಖ್ಯೆಯನ್ನು ಅವು ಉಳಿಯುವ ದಿನಗಳಿಂದ ಗುಣಿಸಿದಷ್ಟು. ‘ಭೂಮಿ’ ಆರಂಭವಾದ ಕಾಲದಲ್ಲಿ ಆಕ್ಷೇಪಣೆಗೆ 30 ದಿನಗಳ ಅವಧಿಯಿತ್ತು. ಕಚೇರಿಗೆ ದಿನಕ್ಕೆ 12 ಅರ್ಜಿ ಬಂದವೆಂದುಕೊಂಡರೆ, ಯಾರೊಬ್ಬರೂ ಸೋಮಾರಿಯಾಗದಿದ್ದರೂ 360 ಅರ್ಜಿಗಳು ಸದಾ ಬಾಕಿಯಿರುತ್ತವೆ. ಬಾಕಿ ಕಂಡೊಡನೆ ನೌಕರರನ್ನು ದೂರುವ ಮೊದಲು ಈ ಗುಣಾಕಾರವನ್ನು ಮಾಡಿ ನೋಡುವುದು ನ್ಯಾಯ. 360ಕ್ಕೆ ಬದಲು 900 ಇದ್ದರೆ ಆಗ ಪ್ರಶ್ನೆ ಕೇಳಬಹುದು.

ಎಲ್ಲ ಚೀಟಿಗಳನ್ನೂ ಮೇಲಿನ ಒಂದೇ ಮೇಜಿಗೆ ತಿರುಗಿಸಿದರೆ ಏನಾಗುತ್ತದೆ? ಕೋಪನ್‌ಹೇಗನ್ನಿನ ದೂರವಾಣಿಗಳಿಗಾಗಿ ಎರ್ಲಾಂಗ್ ಎಂಬಾತನು 1909ರಲ್ಲಿ ಆರಂಭಿಸಿದ ಸರತಿಯ ಗಣಿತ ಇದಕ್ಕೆ ಉತ್ತರ ಕೊಡುತ್ತದೆ. ಒಬ್ಬ ಅಧಿಕಾರಿ ಸರಾಸರಿ ದಿನಕ್ಕೆ 20 ಅರ್ಜಿ ತೀರಿಸಬಲ್ಲರೆನ್ನೋಣ. ಅರ್ಜಿಗಳ ಬರವೂ, ಒಂದೊಂದಕ್ಕೆ ಹಿಡಿಯುವ ಕಾಲವೂ ಏರುಪೇರಾಗಿರುವಾಗ, ದಿನಕ್ಕೆ 16 ಬಂದರೆ ಒಂದು ಅರ್ಜಿ ಸರಾಸರಿ ಕಾಲು ದಿನ ಅಲ್ಲಿರುತ್ತದೆ. 19 ಬಂದರೆ ಒಂದು ದಿನ. ಹತ್ತೊಂಬತ್ತೂವರೆಯಾದರೆ ಎರಡು ದಿನ. 20 ಮುಟ್ಟಿದರೆ ಸರತಿ ಬೆಳೆಯುತ್ತಲೇ ಹೋಗುತ್ತದೆ. ಮೂರೇ ಅರ್ಜಿ ಹೆಚ್ಚಾದುದಕ್ಕೆ ತಡ ನಾಲ್ಕು ಪಟ್ಟಾಯಿತಲ್ಲವೆ? ತಕರಾರಿಲ್ಲದ ಅರ್ಜಿಗಳನ್ನು ಕೆಳಗಿನ ಹಂತದಲ್ಲಿಯೇ ತೀರಿಸುವ ನಿಯಮದ ಬೆಲೆ ಇಲ್ಲಿ ತಿಳಿಯುತ್ತದೆ.

ಒಳದಾರಿ ಅಡ್ಡದಾರಿಯಾಗುವ ಬಗೆ

ಹಾಗಾದರೆ ಒಳದಾರಿಗಳನ್ನು ಎಷ್ಟು ಹೆಚ್ಚಿಸಿದರೆ ಅಷ್ಟು ಒಳ್ಳೆಯದೆ? 1968ರಲ್ಲಿ ಜರ್ಮನಿಯ ಗಣಿತಜ್ಞ ಡೀಟ್ರಿಶ್ ಬ್ರಾಯೆಸ್ ಇದಕ್ಕೆ ಅಚ್ಚರಿಯ ಉತ್ತರವನ್ನು ಕೊಟ್ಟನು. ಅವನದು ರಸ್ತೆಗಳ ಲೆಕ್ಕ. ನಾವು ಅದನ್ನು ಒಂದು ಕಲ್ಪಿತ ಕಚೇರಿಗೆ ಅನ್ವಯಿಸೋಣ.

ಅಲ್ಲಿ 4000 ಅರ್ಜಿಗಳಿವೆ, ದಾರಿಗಳು ಎರಡು. ಮೊದಲ ದಾರಿಯಲ್ಲಿ ಪರಿಶೀಲನೆಯ ಮೇಜು, ಆಮೇಲೆ 45 ದಿನಗಳ ನೋಟೀಸು. ಎರಡನೆಯ ದಾರಿಯಲ್ಲಿ ಮೊದಲು 45 ದಿನಗಳ ಅಳತೆ, ಆಮೇಲೆ ಆದೇಶದ ಮೇಜು. ನೋಟೀಸು, ಅಳತೆಗಳ ಕಾಲ ಬದಲಾಗದು. ಆದರೆ ಎರಡು ಮೇಜುಗಳಲ್ಲಿ ಮಾತ್ರ, ಎಷ್ಟು ಅರ್ಜಿ ಬಂದರೆ ಅದರ ನೂರರಲ್ಲೊಂದು ಪಾಲಿನಷ್ಟು ದಿನ ಹಿಡಿಯುತ್ತದೆ. ಅರ್ಧರ್ಧ ಹಂಚಿಕೊಂಡಾಗ ಪ್ರತಿ ಮೇಜಿಗೆ 2000 ಅರ್ಜಿ, 20 ದಿನ. ಒಟ್ಟು 65 ದಿನಗಳಲ್ಲಿ ಎಲ್ಲರ ಕೆಲಸವೂ ಮುಗಿಯುತ್ತದೆ.

ಈಗ ಪರಿಶೀಲನೆಯ ಮೇಜಿನಿಂದ ಆದೇಶದ ಮೇಜಿಗೆ ನೇರವಾಗಿ ಒಂದು ಒಳದಾರಿ ಹಾಕಿದರೆಂದು ಭಾವಿಸೋಣ. ನೋಟೀಸೂ ಬೇಡ, ಅಳತೆಯೂ ಬೇಡ; ಯಾರು ಬೇಕಾದರೂ ಹಿಡಿಯಬಹುದು. 4000 ಅರ್ಜಿಗಳೂ ಒಂದೇ ಮೇಜಿಗೆ ನುಗ್ಗಿದರೂ ಅಲ್ಲಿ 40 ದಿನ, 45ಕ್ಕಿಂತ ಕಡಿಮೆಯೇ. ಆದುದರಿಂದ ಪ್ರತಿಯೊಬ್ಬರೂ ತಮ್ಮ ಲಾಭ ನೋಡಿಕೊಂಡು ಎರಡು ಮೇಜುಗಳನ್ನೇ ಹಿಡಿಯುತ್ತಾರೆ. ಫಲವೇನು? 40ಕ್ಕೆ 40 ಕೂಡಿ 80 ದಿನ. ಹಳೆಯ ದಾರಿಗೆ ಮರಳಿದವನಿಗೆ 85 ದಿನ. ಆದುದರಿಂದ ಯಾರೊಬ್ಬರೂ ಮರಳುವುದಿಲ್ಲ. ಹೊಸ ದಾರಿ ಹಾಕಿದ ಕಾರಣದಿಂದಲೇ ಎಲ್ಲರಿಗೂ ಹದಿನೈದು ದಿನ ನಷ್ಟ! ಜೊತೆಗೆ, ಆಕ್ಷೇಪಿಸಬೇಕಾಗಿದ್ದ ಅಣ್ಣತಮ್ಮಂದಿರಿಗೆ ನೋಟೀಸೂ ತಲಪಲಿಲ್ಲ.

ಇದು ಬರಿಯ ಲೆಕ್ಕದ ಚಮತ್ಕಾರವಲ್ಲ. 1991ರಲ್ಲಿ ಕೋಹೆನ್ ಮತ್ತು ಹೊರೊವಿಟ್ಸ್ ಎಂಬ ವಿಜ್ಞಾನಿಗಳು ಇದನ್ನು ಸ್ಪ್ರಿಂಗುಗಳಿಂದಲೂ ತೋರಿಸಬಹುದೆಂದು ವಿವರಿಸಿದರು. ಎರಡು ಸ್ಪ್ರಿಂಗುಗಳನ್ನು ಗಿಡ್ಡ ದಾರದಿಂದ ಒಂದರ ಕೆಳಗೊಂದು ಕಟ್ಟಿ ಭಾರ ತೂಗುಹಾಕಬೇಕು. ಮೇಲಿನ ಆಧಾರದಿಂದ ಕೆಳಗಿನ ಸ್ಪ್ರಿಂಗಿನ ತಲೆಗೂ, ಮೇಲಿನ ಸ್ಪ್ರಿಂಗಿನ ತುದಿಯಿಂದ ಭಾರಕ್ಕೂ ತುಸು ಸಡಿಲವಾದ ದಾರಗಳನ್ನು ಕಟ್ಟಿರಬೇಕು. ಈಗ ನಡುವಣ ಗಿಡ್ಡ ದಾರವನ್ನು ಕತ್ತರಿಸಿದರೆ ಭಾರ ಕೆಳಗೆ ಬೀಳುವುದೆಂದು ಎಲ್ಲರೂ ಎಣಿಸುತ್ತಾರೆ. ಅಳತೆಗಳು ಸರಿಯಿದ್ದರೆ ಅದು ಮೇಲೇರುತ್ತದೆ! ಮೊದಲು ಎರಡು ಸ್ಪ್ರಿಂಗುಗಳೂ ಪೂರ್ತಿ ಭಾರವನ್ನು ಹೊರುತ್ತಿದ್ದವು. ದಾರ ಕತ್ತರಿಸಿದ ಮೇಲೆ ಒಂದೊಂದೂ ಅರ್ಧರ್ಧ ಹೊತ್ತು ಕುಗ್ಗುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು.

ಒಳ್ಳೆಯ ಒಳದಾರಿಯ ಲಕ್ಷಣ ಈಗ ಸ್ಪಷ್ಟವಾಗುತ್ತದೆ. ಅದು ಹುಡುಕಾಟವನ್ನು ತಪ್ಪಿಸಬೇಕು, ವಿಚಾರಣೆಯನ್ನು ತಪ್ಪಿಸಬಾರದು. ನೋಂದಣಿ ಕಚೇರಿಯಲ್ಲಿ ಕ್ರಯಪತ್ರವಾದೊಡನೆ ಅದರ ಸುದ್ದಿ ‘ಕಾವೇರಿ’ ತಂತ್ರಾಂಶದಿಂದ ‘ಭೂಮಿ’ಗೆ ನೇರವಾಗಿ ಮುಟ್ಟುವ ಏರ್ಪಾಡು ಇಂಥ ಒಳದಾರಿ. ಕೊಂಡವನು ಪತ್ರ ಹಿಡಿದು ಇನ್ನೊಂದು ಕಚೇರಿಗೆ ಓಡಾಡುವ ಶ್ರಮವನ್ನಷ್ಟೇ ಅದು ಉಳಿಸುತ್ತದೆ. ಆಕ್ಷೇಪಣೆಯ ಹಕ್ಕನ್ನು ಕಸಿಯುವುದಿಲ್ಲ. ನಮ್ಮ ಪಿರಿಯಾಪಟ್ಟಣದ ಆ ಮನೆಯವರ ಅರ್ಜಿಯಲ್ಲಿಯೂ ಅಷ್ಟೆ. ನೋಟೀಸಿನ ದಿನಗಳು ಉಳಿಯಲೇಬೇಕು, ಏಕೆಂದರೆ ಆ ದಿನಗಳು ದೂರದ ಊರಿಗೆ ಮದುವೆಯಾಗಿ ಹೋದ ಮಗಳ ಪಾಲನ್ನು ಕಾಯುತ್ತವೆ. ಮೇಜಿನಿಂದ ಮೇಜಿಗೆ ವ್ಯರ್ಥವಾಗಿ ಕಳೆಯುವ ದಿನಗಳು ಮಾತ್ರ ಅಳಿಯಬೇಕು.

ಈ ಎರಡು ಬಗೆಯ ದಿನಗಳನ್ನು ಗಣಕಯಂತ್ರ ತಾನಾಗಿ ಬೇರ್ಪಡಿಸಲಾರದು. ಅದನ್ನು ಬೇರ್ಪಡಿಸಬೇಕಾದವರು ದಾರಿ ಹಾಕುವವರು. ಇಂದು ಭೌತವಿಜ್ಞಾನವನ್ನೋ ಗಣಿತವನ್ನೋ ಓದುತ್ತಿರುವ ಹುಣಸೂರಿನ, ಕೋಟೆಯ, ಕೃಷ್ಣರಾಜನಗರದ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಆ ಕೆಲಸಕ್ಕೆ ಕುಳಿತುಕೊಳ್ಳುವರು. ಆಗ ಸರತಿಯ ಗಣಿತದ ಜೊತೆಗೆ, ಮುಂಗಾರಿನ ಲೆಕ್ಕವೂ ಅವರಿಗೆ ತಿಳಿದಿರಬೇಕು.